ರೂಬಾರ್ಬ್ ಕಸ್ಟರ್ಡ್ ಘಮಘಮಿಸಿದ ಶುಕ್ರವಾರ

ಥಾರ್ನ್‌ಶಾ ಊರಿನ ಬೆರಿಲ್ ಹಿಂಚ್‌ಲಿಫ್ ಸಿಗರೇಟು ಬಿಟ್ಟಳಂತೆ ಎಂಬ ಸುದ್ದಿಯನ್ನು ಮೊದಲು ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಹದಿನೈದರಲ್ಲಿ ಹಳೆಯ ಗಿರಣಿಯ ಗೋಡೆ ಹಿಂದೆ ಹಚ್ಚಿದ ಸಿಗರೇಟು ಅರವತ್ತೊಂದು ತುಂಬಿದರೂ ಆರಿರಲಿಲ್ಲ. ಮದುವೆಯ ಫೋಟೋದಲ್ಲಿ ಒಂದು ಕೈಯಲ್ಲಿ ಹೂಗುಚ್ಛ, ಇನ್ನೊಂದು ಕೈ ಬೆನ್ನ ಹಿಂದೆ. ಆ ಬೆನ್ನ ಹಿಂದಿನಿಂದ ಸಣ್ಣಗೆ ಹೊಗೆ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಪೈ ಬಡಿಸಿ, ಕೈ ಒರೆಸಿಕೊಳ್ಳುವ ಮೊದಲೇ ಹಿತ್ತಲ ಬಾಗಿಲಿಗೆ ಓಡುವವಳು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇವಳದಂತೂ ಸುಟ್ಟು ಸುಟ್ಟೇ ಬೆಳೆದ ಗುಣ.

ಆದರೆ ಅದಕ್ಕಿಂತ ದೊಡ್ಡ ಚಟ ಅವಳಿಗೊಂದಿತ್ತು. ಊರಿನ ಹಿತ್ತಾಳೆ ಬ್ಯಾಂಡಿನಲ್ಲಿ ಯೂಫೋನಿಯಂ ಊದುವುದು. ಕಂಕುಳಲ್ಲಿ ಮಗುವಿನ ಹಾಗೆ ಕೂರುವ, ಬಾಯಿ ಆಕಾಶಕ್ಕೆ ತೆರೆದ ದಪ್ಪ ತುತ್ತೂರಿ ಅದು. ಅವಳಪ್ಪನೂ ಅದನ್ನೇ ಊದಿದ್ದ, ಮುಖ್ಯ ವಾದಕನ ಅದೇ ಮೊದಲ ಕುರ್ಚಿಯಲ್ಲಿ ಕೂತಿದ್ದ. ಅಪ್ಪ ಕಲಿಸಿದ ಮೊದಲ ಪಾಠ ಇಷ್ಟೇ: "ಯಜಮಾನನ ಕೋಲು ಮೇಲೆದ್ದ ಮೇಲೆ ಉಸಿರು ನಿಂದಲ್ಲ ಮಗಳೇ, ತುತ್ತೂರಿದು. ಒಂಚೂರೂ ಆಚೆ ಬಿಡಬೇಡ."

ಅಪ್ಪನ ಕಾಲದ ಒಂದು ಮೆರವಣಿಗೆ ಹಾಡಿನಲ್ಲಿ ಯೂಫೋನಿಯಂಗೆಂದೇ ಒಂದು ಉದ್ದನೆಯ ರಾಗವಿದೆ. ಒಂದೇ ಉಸಿರಿನಲ್ಲಿ ಮುಗಿಯಬೇಕು. ಅಪ್ಪ ಮುಗಿಸುತ್ತಿದ್ದ. ಬೆರಿಲ್ ಮಾತ್ರ ಈಚೆಗೆ ಅರ್ಧದಾರಿಯಲ್ಲಿ ಕಳ್ಳಉಸಿರು ಎಳೆಯುತ್ತಿದ್ದಳು, ಮತ್ತು ಆ ಕಳ್ಳತನ ಊರಿಗೆಲ್ಲ ಕೇಳಿಸುತ್ತಿತ್ತು.

ಚಳಿಗಾಲದ ಒಂದು ಅಭ್ಯಾಸದ ದಿನ ಕೋಲು ಬೀಸಿ ಬ್ಯಾಂಡು ನಡೆಸುವ ಯಜಮಾನ ವಿಲ್ಫ್ರೆಡ್ ಟ್ಯಾಟರ್ಸಾಲ್ ಕಡ್ಡಿ ಮುರಿದಂತೆ ಹೇಳಿಬಿಟ್ಟ. "ನೀನು ಊದೋದು ಕೇಳಿದ್ರೆ ಮೆಟ್ಲು ಹತ್ತಿಬಂದ ಎಮ್ಮೆ ನೆನಪಾಗುತ್ತೆ ಬೆರಿಲ್. ವಿಟ್ ಶುಕ್ರವಾರದ ಸ್ಪರ್ಧೇಲಿ ಒಂದೇ ಉಸಿರಲ್ಲಿ ಮುಗಿಸು. ಇಲ್ದಿದ್ರೆ ಕುರ್ಚಿ ಗ್ರೇಮ್‌ಗೆ."

ಎರಡನೇ ಕುರ್ಚಿಯ ಗ್ರೇಮ್ ಓಗ್ಡನ್, ನಲ್ಲಿ ರಿಪೇರಿಯವನು, ಪಾಪದ ಮುಖ ಮಾಡಿಕೊಂಡು ಶೂ ನೋಡಿದ. ಮೊದಲ ಕುರ್ಚಿಗಾಗಿ ಅವನು ವರ್ಷಗಟ್ಟಲೆ ಬಕಪಕ್ಷಿಯ ಹಾಗೆ ಕಾದಿದ್ದ.

ಇದನ್ನು ಹೇಳುವಾಗ ವಿಲ್ಫ್ರೆಡ್‌ನ ತುಟಿಯಂಚಿನಲ್ಲೇ ಸಿಗರೇಟು ತೂಗುತ್ತಿತ್ತು ಅನ್ನುವುದನ್ನು ಮರೆಯಬೇಡಿ. ಅಭ್ಯಾಸದ ಕೋಣೆಯ ಹಿಂದಿನ ಗೋಡೆಗೆ ಒರಗಿ ಅವನೂ ಬೆರಿಲ್ಲೂ ಸೇದಿದ ಸಿಗರೇಟಿಗೆ ಲೆಕ್ಕವಿಲ್ಲ. ಊರಿಗೆ ಬುದ್ಧಿ ಹೇಳುವವರ ಹಣೆಬರಹವೇ ಇಷ್ಟು.

ಬೆರಿಲ್ ಆ ವಾರವೇ ಸಿಗರೇಟು ಬಿಡಿಸುವ ನರ್ಸ್ ನಸ್ರೀನಳ ಮುಂದೆ ಹೋಗಿ ಕೂತಳು. ನಸ್ರೀನ್ ಮೇಜಿನ ಮೇಲೆ ಲಿಪ್‌ಸ್ಟಿಕ್ಕಿನಂಥದೊಂದು ಕೊಳವೆ ಇಟ್ಟಳು. ವೇಪ್. ಬೆಂಕಿಯಿಲ್ಲದೆ ನಿಕೋಟಿನ್ನಿನ ಆವಿ ಎಳೆಯುವ ಯಂತ್ರ.

"ಇದೇನು ಅಮೃತ ಅಲ್ಲ ಚಿನ್ನ," ಅಂದಳು. "ಸೇದದೇ ಇರೋರು ಮುಟ್ಟಲೇಬಾರದು. ಆದ್ರೆ ನೀವು ಸುಡ್ತಿರೋ ಬೆಂಕಿಗಿಂತ ಎಷ್ಟೋ ವಾಸಿ. ಅದೂ ಇರ್ಲಿ ಇದೂ ಇರ್ಲಿ ಅನ್ನೋಹಾಗಿಲ್ಲ. ಸಿಗರೇಟು ಪೂರ್ತಿ ಬಂದ್. ಆಮೇಲೆ ನಿಧಾನಕ್ಕೆ ಇದನ್ನೂ ಬಿಡಿಸ್ತೀನಿ. ಯಾವ ರುಚಿ ಬೇಕು?"

ಬೆರಿಲ್ ಜೀವಮಾನವಿಡೀ ಶಾಲೆಯಲ್ಲಿ ಬಡಿಸಿದ್ದ ಸಿಹಿ ಒಂದೇ, ಹುಳಿ ದಂಟು ಬೇಯಿಸಿ ಮೇಲೆ ಹಾಲು ಮೊಟ್ಟೆಯ ಗಸಿ ಸುರಿದದ್ದು. "ರೂಬಾರ್ಬ್ ಕಸ್ಟರ್ಡ್ ಇದ್ಯಾ?" ಎಂದಳು.

ಇತ್ತು. ಬೆಂಕಿಯಿಲ್ಲದೆ ಹೊಗೆಯಾಡದು ಎಂಬ ಗಾದೆಯನ್ನು ಬೆರಿಲ್ ಅಂದಿನಿಂದ ಸುಳ್ಳುಮಾಡಿಕೊಂಡು ಓಡಾಡಿದಳು. ಮೊದಲ ವಾರ ಸಿಡಿಸಿಡಿ ಅಂದಳು, ಗಂಡನ ಮೇಲೆ ಒಂದು ಬ್ರೆಡ್ಡು ಎಸೆದಳು. ಆಮೇಲೆ ಕೆಮ್ಮು ಇಳಿಯಿತು. ವಸಂತದ ಹೊತ್ತಿಗೆ ಗುಡ್ಡದ ಮೇಲಿನ ಮನೆಗೆ ನಡುವೆ ನಿಲ್ಲದೆ ಹತ್ತಿದಳು. ವಿಲ್ಫ್ರೆಡ್ ಮಾತ್ರ ಮೂಗು ಮುರಿದ. "ಕಸ್ಟರ್ಡು ತಿನ್ನೋದು ಬಿಟ್ಟು ಸೇದ್ತಾಳೆ ನೋಡು. ನಾಳೆ ಸಾಂಬ್ರಾಣಿ ಕುಡೀತಾಳೆ." ಮಳೆಯಲ್ಲಿ ಗೋಡೆಗೆ ಒರಗಿ ಈಗ ಅವನೊಬ್ಬನೇ ಸೇದಬೇಕಾಗಿತ್ತು. ಅವನ ಸಿಟ್ಟಿನ ಮೂಲ ಅದೇ ಇದ್ದೀತು.

ವಸಂತದ ಕೊನೆಗೆ ಬರುವ ಹಬ್ಬ, ವಿಟ್ ಶುಕ್ರವಾರ, ಬಂತು. ಅಂದು ಬ್ಯಾಂಡುಗಳು ಬಸ್ಸು ಹತ್ತಿ ಊರಿಂದ ಊರಿಗೆ ಹೋಗಿ, ಬೀದಿಯಲ್ಲಿ ನಡೆದು, ಊದಿ, ಮತ್ತೆ ಬಸ್ಸು ಹತ್ತುತ್ತವೆ. ತೀರ್ಪುಗಾರ ಪರದೆ ಎಳೆದ ವ್ಯಾನಿನೊಳಗೆ ಕೂತಿರುತ್ತಾನೆ. ಯಾವ ಬ್ಯಾಂಡು ಎಂದು ಅವನು ನೋಡುವಂತಿಲ್ಲ, ಕಿವಿಯಿಂದಷ್ಟೇ ತೀರ್ಮಾನ.

ಮೊದಲ ಊರಿನಲ್ಲಿ ಜನವೋ ಜನ. ಬೀರು, ಹುರಿದ ಈರುಳ್ಳಿ, ಹೆಗಲ ಮೇಲೆ ಮಕ್ಕಳು. ಥಾರ್ನ್‌ಶಾದವರು ವ್ಯಾನಿನ ಪಕ್ಕ ವೃತ್ತ ಕಟ್ಟಿ ನಿಂತರು. ಯಾರೋ ಕುಡುಕನನ್ನು ಸರಿಸುವುದಕ್ಕೆಂದು ಸ್ವಲ್ಪ ತಡವಾಯಿತು. ಬೆರಿಲ್ ಓರೆಗಣ್ಣಲ್ಲಿ ನೋಡಿದಳು. ಪಕ್ಕದಲ್ಲೇ ಗ್ರೇಮ್, ಆಗಲೇ ಕುರ್ಚಿ ಸಿಕ್ಕವನ ಹಾಗೆ ಸೆಟೆದು ನಿಂತಿದ್ದಾನೆ. ಒಂದೇ ಒಂದು ಎಳೆತ, ಧೈರ್ಯಕ್ಕೆ, ಎಂದುಕೊಂಡು ಕೋಟಿನ ತೋಳಿನೊಳಗೆ ಅಡಗಿಸಿದ್ದ ವೇಪ್ ಬಾಯಿಗಿಟ್ಟು ಪಾದದವರೆಗೂ ಎಳೆದಳು.

ಅದೇ ಗಳಿಗೆಗೆ ವಿಲ್ಫ್ರೆಡ್‌ನ ಕೋಲು ಮೇಲೆದ್ದಿತು.

ಬೇರೆ ಯಾರೇ ಆಗಿದ್ದರೂ ಉಫ್ ಎಂದು ಬಿಟ್ಟು ಹೊಸ ಉಸಿರು ತೆಗೆದುಕೊಳ್ಳುತ್ತಿದ್ದರು. ಬೆರಿಲ್‌ಳ ಎದೆ ಅಪ್ಪನ ಮಾತು ಕೇಳಿ ಬೆಳೆದ ಎದೆ. ಕೋಲು ಕಂಡದ್ದೇ ಬೀಗ ಹಾಕಿಕೊಂಡಿತು. ಕೋಲು ಇಳಿಯಿತು, ಬೆರಿಲ್ ಊದಿದಳು, ಯೂಫೋನಿಯಂನ ಬಾಯಿಂದ ಬೆಳ್ಳಗೆ, ದಪ್ಪಗೆ, ಸಾವಕಾಶವಾಗಿ ಒಂದು ಮೋಡ ಎದ್ದಿತು.

ಜನ ಮೊದಲು ಬೆಂಕಿ ಬಿದ್ದಿತೆಂದುಕೊಂಡರು. ಆಮೇಲೆ ವಾಸನೆ ಬಂತು. "ಅಮ್ಮಾ, ಇವತ್ತು ಪುಡಿಂಗಾ?" ಎಂದಿತು ಹೆಗಲ ಮೇಲಿನ ಒಂದು ಮಗು. ಬೀದಿಗೆ ಬೀದಿಯೇ ಗೊಳ್ಳೆಂದಿತು. ಡ್ರಮ್ಮಿನವನ ಭುಜ ಕುಣಿಯತೊಡಗಿತು. ಗ್ರೇಮ್ ನಗು ತಡೆಯಲಾರದೆ ತುತ್ತೂರಿಯನ್ನೇ ಕೆಳಗಿಳಿಸಿಬಿಟ್ಟ. ಮೋಡ ತೇಲಿಕೊಂಡು ವ್ಯಾನಿನ ಕಿಟಕಿಯೊಳಗೆ ನುಸುಳಿತು.

ಉದ್ದನೆಯ ರಾಗ ಬರುವ ಹೊತ್ತಾಯಿತು. ಬೆರಿಲ್‌ಳ ಹೊಟ್ಟೆಯಲ್ಲಿ ನಗು ಕುದಿಯುತ್ತಿತ್ತು. ನಕ್ಕರೆ ಕುರ್ಚಿ ಹೋಯಿತು. ಕಣ್ಣು ಮುಚ್ಚಿ ಶುದ್ಧ ಗಾಳಿ ತುಂಬಿಕೊಂಡು ಹೊರಟಳು. ಅರ್ಧದಾರಿ ದಾಟಿತು. ಯಾವಾಗಲೂ ಉಸಿರು ಕದಿಯುತ್ತಿದ್ದ ಜಾಗ ಬಂತು, ಕದಿಯಲಿಲ್ಲ. ಕೊನೆಯ ಸ್ವರಕ್ಕೆ ಬಂದಾಗ ಎದೆಯಲ್ಲಿ ಇನ್ನೂ ಮಿಕ್ಕಿತ್ತು. ಅವಳಿಗೆ ಒಮ್ಮೆಲೇ ಎಷ್ಟು ಖುಷಿಯಾಯಿತೆಂದರೆ, ಮಿಕ್ಕದ್ದನ್ನೂ ಆ ಸ್ವರಕ್ಕೇ ಸುರಿದುಬಿಟ್ಟಳು.

ವ್ಯಾನಿನಿಂದ ಬಂದ ತೀರ್ಪನ್ನು ಧ್ವನಿವರ್ಧಕದವನು ಓದಿದ: "ಯೂಫೋನಿಯಂನವರ ಉಸಿರಿಗೆ ಪೂರ್ತಿ ಅಂಕ. ಪಕ್ಕದ ಮನೇಲಿ ರೂಬಾರ್ಬ್ ಬೇಯಿಸ್ತಿರೋರು ದಯವಿಟ್ಟು ನಂಗೂ ಒಂದು ಬಟ್ಟಲು ಕಳಿಸಿ."

ಬಸ್ಸಿನ ಹತ್ತಿರ ವಿಲ್ಫ್ರೆಡ್ ಕೈಚಾಚಿದ. "ಕುರ್ಚಿ ನಿಂದೇ, ಮಾರಾಯ್ತಿ. ಆ ಕೊಳವೆ ಮಾತ್ರ ಇಲ್ಲಿ ಕೊಡು. ಊದಿ ಮುಗಿಸೋತನಕ ನನ್ ಜೇಬಲ್ಲಿರುತ್ತೆ." ಬೆರಿಲ್ ತೆಪ್ಪಗೆ ಕೊಟ್ಟಳು. ಗ್ರೇಮ್ ಅವಳ ತುತ್ತೂರಿಯನ್ನು ತಾನೇ ಬಸ್ಸಿಗೆ ಹತ್ತಿಸಿದ.

ಮುಂದಿನ ಊರು. ಮತ್ತೆ ವೃತ್ತ, ಮತ್ತೆ ಪರದೆ ಎಳೆದ ವ್ಯಾನು. ವಿಲ್ಫ್ರೆಡ್ ಯಾಕೋ ಎಲ್ಲರಿಗೂ ಬೆನ್ನು ತಿರುಗಿಸಿ, ಕೋಟಿನೊಳಗೆ ತಲೆಯಿಟ್ಟು ಒಂದು ಕ್ಷಣ ನಿಂತ. ನಂತರ ತಿರುಗಿದ, ಕೋಲೆತ್ತಿದ, ಹುಬ್ಬು ಗಂಟಿಕ್ಕಿದ.

"ಈ ಸಲ ಯಾರಾದ್ರೂ ನಕ್ಕರೆ ನೋಡಿ," ಎಂದ. ಒಂದೊಂದು ಮಾತಿಗೂ ಒಂದೊಂದು ಉಂಡೆ ಕಸ್ಟರ್ಡಿನ ಹೊಗೆ ಅವನ ಬಾಯಿಂದ ಎದ್ದು ಬೆರಿಲ್‌ಳ ಕಡೆಗೆ ತೇಲಿತು.