ಬಾಗಿಲ ಮೇಲಿನ ಕದಿರು

ಮಾರಾಯ್ರೆ, ಬೆಳಗ್ಗಿನಿಂದ ನನಗೆ ಮೈಯೆಲ್ಲ ಉರಿಯುತ್ತಿದೆ.

ನೆರೆಮನೆಯ ರೋಸಿ ಬಾಯಿ ನಮ್ಮ ಅಂಗಳಕ್ಕೆ ಬಂದಿದ್ದರು. ನಾಳೆ ಅವರ ತೆನೆ ಹಬ್ಬ. ಹೊಸ ಭತ್ತದ ಕದಿರನ್ನು ಇಗರ್ಜಿಗೆ, ಅಂದರೆ ಚರ್ಚಿಗೆ, ಒಯ್ದು ಆಶೀರ್ವಾದ ಮಾಡಿಸಿ ಮನೆಗೆ ತರಬೇಕು. ಈ ಸಲ ಹೊಳೆಯ ಉಪ್ಪುನೀರು ನುಗ್ಗಿ ಅವರ ಬೆಳೆಯೆಲ್ಲ ಹಾಳಾಗಿದೆ.

"ಶೆಟ್ರೆ, ನಿಮ್ ಗದ್ದಿಂದ ನಾಕ್ ಕದ್ರ್ ಕೊಡ್ತ್ರ್ಯಾ?" ಎಂದು ನಮ್ಮ ದೊಡ್ಡಪ್ಪನನ್ನು ಕೇಳಿದರು.

ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪ ಗುಡುಗಿದರು: "ಎಂತ ಬಾಯಿ? ನಮ್ ಹೊಸ್ತೇ ಇನ್ನೂ ಆಯ್ಲಿಲ್ಲ. ನಮ್ ದೇವ್ರಿಗಿಂತ ಮುಂಚೆ ನಿಮ್ ದೇವ್ರಿಗೆ ಕೊಡೂಕಾತ್ತಾ?"

ರೋಸಿ ಬಾಯಿ ಒಮ್ಮೆ ತಲೆಯೆತ್ತಿ ಬಾಗಿಲ ಮೇಲೆ ನೋಡಿದರು. ತಿರುಗಿ ತಮ್ಮ ಮನೆ ಕಡೆಗೆ ನಡೆದರು.

ನಮ್ಮ ಹೊಸ್ತೂ ಕದಿರನ್ನು ಮನೆ ತುಂಬಿಸಿಕೊಳ್ಳುವ ಹಬ್ಬವೇ ಅಲ್ಲವೇ! ಹೋದ ವರ್ಷ ನಮ್ಮ ಪೈರು ಹಣ್ಣಾಗದಿದ್ದಾಗ ಹೊಸ್ತಿಗೆ ಕದಿರು ಬಂದದ್ದು ಅವರ ಗದ್ದೆಯಿಂದ. "ತಕಂಡ್ ಹೋಯ್ನಿ, ದೇವ್ರಿಗಲ್ದಾ" ಎಂದು ತಾವೇ ಕೊಯ್ದು ನನ್ನ ಕೈಗಿಟ್ಟಿದ್ದರು. ಯಾವ ದೇವರು ಎಂದು ಕೇಳಿರಲಿಲ್ಲ.

ಆ ಕದಿರು ಒಣಗಿ ಇನ್ನೂ ನಮ್ಮ ಬಾಗಿಲ ಮೇಲೆ ತೂಗುತ್ತಿದೆ. ದೊಡ್ಡಪ್ಪ ಗುಡುಗಿದ್ದು ಅದರ ಕೆಳಗೆ ನಿಂತೇ. ಒಂದು ಕಾಳಾದರೂ ಅವರ ನೆತ್ತಿಯ ಮೇಲೆ ಉದುರಬಾರದಿತ್ತೇ?