ನೆಲದ ಕೆಳಗಿನಿಂದ ಮೂರು ಬಡಿತ

ದೆವ್ವಗಳ ವಿಷಯದಲ್ಲಿ ನಾನು ಬಹುಕಾಲ ಕಠೋರ ನಿಲುವಿನ ಮನುಷ್ಯನಾಗಿದ್ದೆ. ಟೊರಾಂಟೊ ಪಕ್ಕದ ರಿಚ್ಮಂಡ್ ಹಿಲ್‌ನ ನಮ್ಮ ನಿವೃತ್ತರ ಕೂಟದಲ್ಲಿ ಯಾರಾದರೂ ಬೇಸ್‌ಮೆಂಟಿನಲ್ಲಿ ಏನೋ ಸದ್ದು ಕೇಳಿತೆಂದರೆ, ಮನೆ ಬೆಚ್ಚಗಿಡುವ ಫರ್ನೇಸಿನ ಫಿಲ್ಟರ್ ಬದಲಿಸಿ ಎಷ್ಟು ದಿನವಾಯಿತು ಎಂದು ವಿಚಾರಣೆ ನಡೆಸುತ್ತಿದ್ದೆ. ಗಣಿ ಇಂಜಿನಿಯರಿಗೆ ನೆಲದಡಿಯ ಕತ್ತಲು ಎಂದರೆ ಕಚೇರಿ. ಕಚೇರಿಗೆ ಯಾರೂ ಹೆದರುವುದಿಲ್ಲ, ಬೇಸರಪಡುತ್ತಾರೆ, ಅಷ್ಟೆ. ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಸಿಟ್ಟಿಲ್ಲ. ನಿಮ್ಮ ಜಾಗದಲ್ಲಿ ನಾನೂ ಫಿಲ್ಟರಿನ ಮಾತೇ ಎತ್ತುತ್ತಿದ್ದೆ.

ನಾಲ್ಕು ವರ್ಷದ ಹಿಂದೆ ನಮ್ಮ ಕನ್ನಡ ಬಳಗದ ಸಂಚಿಕೆಗೆ, ಬಾಳಿದ ಊರೊಂದರ ಬಗ್ಗೆ ಬರೆಯಲು ಹೇಳಿದರು. ಸಂಪಾದಕರು ಮೈಸೂರಿನ ಕಡೆಯ ಡಾಕ್ಟರು. ರೋಗಿಗಳು ಕೈಬಿಟ್ಟ ಮೇಲೆ ಸಾಹಿತ್ಯಕ್ಕೆ ಕೈಹಾಕಿದವರು. "ಧಾರವಾಡದ ಮೇಲೇ ಆಗ್ಲೇ ಆರು ಆರ್ಟಿಕಲ್ ಬಂದಿದೆ ಸಾರ್. ಪ್ಲೀಸ್, ನೀವು ಬೇರೆ ಊರು ಯಾವ್ದಾದ್ರೂ ನೋಡಿ" ಎಂದರು. ಧಾರವಾಡದವನಾದ ನಾನು ಆ ಅವಮಾನವನ್ನು ನುಂಗಿಕೊಂಡು ಹಿಂದೆ ಕೆಲಸ ಮಾಡಿದ್ದ ಒಂದು ಕಲ್ಲಿದ್ದಲಿನ ಊರನ್ನು ಆರಿಸಿಕೊಂಡೆ.

ಅಮೆರಿಕದ ಪಶ್ಚಿಮದಲ್ಲಿ, ಬಹಳ ಎತ್ತರದಲ್ಲಿರುವ ಮರುಭೂಮಿಯ ಊರು ಅದು. ಮರಳು, ಒಂಟೆ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಮೊಣಕಾಲೆತ್ತರದ ಬೂದು ಕುರುಚಲು, ಮೂಳೆ ಕೊರೆಯುವ ಚಳಿ, ಟೋಪಿಯನ್ನೂ ಮರ್ಯಾದೆಯನ್ನೂ ಒಟ್ಟಿಗೆ ಹಾರಿಸಿಕೊಂಡು ಹೋಗುವ ಗಾಳಿ. ನಾವು ಹೋಗುವ ಹೊತ್ತಿಗೆ ಗಣಿ ಮುಚ್ಚಿತ್ತು. ಅಗೆದವರು ಹೋಗಿದ್ದರು, ಅವರು ಅಗೆದ ಸುರಂಗಗಳು ಬೀದಿಗಳ ಕೆಳಗೆ ಹಾಗೇ ಇದ್ದವು. ಆಗಾಗ ಒಂದು ಗ್ಯಾರೇಜೋ ಚರ್ಚಿನ ಮೆಟ್ಟಿಲೋ ಸದ್ದಿಲ್ಲದೆ ನಾಲ್ಕು ಅಂಗುಲ ಕುಸಿಯುತ್ತಿತ್ತು. ಆ ಪೊಳ್ಳುಗಳನ್ನು ಹುಡುಕಿ ಸಿಮೆಂಟು ತುಂಬಿಸುವುದು ನನ್ನ ಕೆಲಸ.

ನೀಲಮ್ಮ, ನನ್ನ ಹೆಂಡತಿ, ಅಂಥ ಊರಲ್ಲೂ ಜೋಳ ಪತ್ತೆಮಾಡಿದಳು. ದನದ ಮೇವಿನ ಅಂಗಡಿಯಲ್ಲಿ. ನಿಮ್ಮಲ್ಲಿ ಎಷ್ಟು ದನ ಇವೆ ಎಂದು ಅಂಗಡಿಯವ ಕೇಳಿದ. "ಒನ್ ಓನ್ಲಿ" ಎಂದು ನನ್ನ ಕಡೆ ಬೆರಳು ತೋರಿಸಿದಳು.

ಸುರಂಗದಲ್ಲಿ ನಡೆಯುವಾಗ ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಕಲ್ಲನ್ನು ಬಡಿಯುತ್ತ ಹೋಗಬೇಕು. ಗಟ್ಟಿ ಕಲ್ಲು ಠಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಡಬ್ಬೆನ್ನುತ್ತದೆ. ಒಂದು ಸುರಂಗ, ಹೆಚ್ಚು ಆಳವಿಲ್ಲದ್ದು, ನಮ್ಮ ಬಾಡಿಗೆ ಮನೆಯ ಅಡುಗೆಮನೆಯ ಕೆಳಗೇ ಹಾದುಹೋಗಿತ್ತು. ಅಲ್ಲಿಗೆ ಬಂದಾಗ ನಾನು ಮೂರು ಬಡಿಯುತ್ತಿದ್ದೆ: ಇದ್ದೇನೆ ಎಂದು. ನೀಲಮ್ಮ ಲಟ್ಟಣಿಗೆಯಿಂದ ನೆಲಕ್ಕೆ ಎರಡು ಬಡಿಯುತ್ತಿದ್ದಳು: ಮೇಲೆ ಬನ್ನಿ ಎಂದು. ಹೆಂಡತಿಗೆ ಸಂಕೇತ ಕೊಡಬಾರದೆಂದು ಕಂಪನಿಯ ಸುರಕ್ಷತಾ ನಿಯಮಗಳಲ್ಲಿ ಎಲ್ಲೂ ಇರಲಿಲ್ಲ. "ಭೂಮಿತಾಯಿ ಹೊಟ್ಟಿಯೊಳಗ ಹೊಕ್ಕರೂ ನಿಮ್ಮ ಹೊಟ್ಟಿ ಚಿಂತಿ ಬಿಡಂಗಿಲ್ಲ ನೋಡ್ರಿ" ಎಂದು ನಗುತ್ತಿದ್ದಳು. ಕಡೆಗೆ ಆ ಸುರಂಗವನ್ನೂ ನಾನೇ ತುಂಬಿಸಿದೆ. ನಾವು ಟೊರಾಂಟೊಗೆ ಬಂದೆವು. ಮಗಳು ವಿದ್ಯಾ ಇಲ್ಲೇ ಹುಟ್ಟಿದವಳು. ಬಡಿತದ ಸಂಗತಿ ಅವಳಿಗೆ ನಾವು ಹೇಳಿರಲೇ ಇಲ್ಲ.

ನೀಲಮ್ಮನ ಕೊನೆಯ ದಿನ, ಮಾತು ನಿಂತ ಮೇಲೆ, ಅವಳ ಬೆರಳು ಆಸ್ಪತ್ರೆಯ ಮಂಚದ ಕಂಬಿಯನ್ನು ಮೂರು ಸಲ ತಟ್ಟಿತು. ನಾನು ನಡುಕವೆಂದುಕೊಂಡು ನರ್ಸನ್ನು ಕರೆಯಲು ಓಡಿದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅದು ನಡುಕವಲ್ಲ ಎಂದು ನನಗೆ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಡುವಾಗ.

ಲೇಖನ ಬರೆಯಲು ಕೂತದ್ದು ಸ್ಟೌಫ್‌ವಿಲ್‌ನಲ್ಲಿ, ವಿದ್ಯಾಳ ಹೊಸ ಮನೆಯ ಬೇಸ್‌ಮೆಂಟಿನಲ್ಲಿ. ಶನಿವಾರ ಮಧ್ಯಾಹ್ನ, ಕಿಟಕಿಯ ಅರ್ಧದವರೆಗೆ ಹಿಮ. ಗಾಳಿ, ಕುರುಚಲು, ಕುಸಿದ ಗ್ಯಾರೇಜು ಎಲ್ಲ ಬರೆದಾಯಿತು. ಅಡುಗೆಮನೆಯ ಮಾತು ಬಂದಾಗ ಪೆನ್ನು ನಿಂತಿತು. ಆಗ ಕಾಂಕ್ರೀಟಿನ ಕೆಳಗಿನಿಂದ ಕೇಳಿಸಿತು. ಒಂದು. ಎರಡು. ಮೂರು.

ನಾನು ಎದ್ದು, ಇಷ್ಟು ದಿನ ಊರಿಗೆಲ್ಲ ಉಪದೇಶಿಸಿದ್ದನ್ನು ಚಾಚೂ ತಪ್ಪದೆ ಮಾಡಿದೆ. ಫರ್ನೇಸು ಆ ಗಳಿಗೆಯಲ್ಲಿ ಓಡುತ್ತಿರಲಿಲ್ಲ. ಕೊಳವೆಗಳ ಮೇಲೆ ಅಂಗೈಯಿಟ್ಟೆ, ಅಲುಗಾಟವಿಲ್ಲ. ನೀರೆತ್ತುವ ಪಂಪಿನ ಗುಂಡಿ ಒಣಗಿತ್ತು. ಮತ್ತೆ ಮೂರು ಬಡಿತ, ಅದೇ ಜಾಗದಿಂದ. ಇನ್ನು ಪರೀಕ್ಷಿಸಲು ಏನೂ ಉಳಿದಿರಲಿಲ್ಲ. ಉಳಿದಿದ್ದರೂ, ಇನ್ನೊಮ್ಮೆ ನರ್ಸನ್ನು ಹುಡುಕಿಕೊಂಡು ಓಡುವ ಮನಸ್ಸಿರಲಿಲ್ಲ. ಕಪಾಟಿನಿಂದ ಸುತ್ತಿಗೆ ತೆಗೆದುಕೊಂಡು, ಮೊಣಕಾಲೂರಿ, ನೆಲಕ್ಕೆ ಎರಡು ಬಡಿದೆ.

ಮೆಟ್ಟಿಲ ಮೇಲಿಂದ ವಿದ್ಯಾ ಕೂಗಿದಳು: "ಅಪ್ಪಾ, ಆರ್ ಯೂ ಓಕೆ? ಏನದು ಬ್ಯಾಂಗಿಂಗ್?"

"ಏನಿಲ್ಲವಾ, ಸುತ್ತಿಗಿ ಬಿತ್ತು."

"ಎಂಟು ಸಲಾ ಬಿತ್ತಾ? ಥ್ರೀ, ಮತ್ತ ಥ್ರೀ, ಆಮ್ಯಾಲೆ ಟೂ. ಐ ಕೌಂಟೆಡ್, ಅಪ್ಪಾ."

ಎಂಟನ್ನೂ ನಾನೇ ಬಡಿದೆ ಎಂದು ಒಪ್ಪಿಕೊಂಡೆ. ಸಂಚಿಕೆಯ ಲೇಖನದಲ್ಲಿ ಇದನ್ನು ಬರೆಯಲಿಲ್ಲ. ಡಾಕ್ಟರು ನನ್ನ ನಾಡಿ ಹಿಡಿದು ನೋಡುವ ಅಪಾಯವಿತ್ತು. ಆಮೇಲೆ ಆ ಬಡಾವಣೆಯ ನೆಲದ ನಕ್ಷೆ ತರಿಸಿ ನೋಡಿದ್ದೇನೆ. ಜೇಡಿ, ಜಲ್ಲಿ, ಮತ್ತೆ ಜೇಡಿ. ಎಲ್ಲೂ ಪೊಳ್ಳಿಲ್ಲ. ನನ್ನ ವಿದ್ಯೆ ಅಲ್ಲಿಗೆ ಮುಗಿಯುತ್ತದೆ.

ಎರಡು ಬಡಿತಕ್ಕೆ ಇರುವುದು ಒಂದೇ ಅರ್ಥ. ನೀಲಮ್ಮ ಮೇಲೆ ಬರಲಿಲ್ಲ. ಆ ಮಧ್ಯಾಹ್ನ ನಾನು ತಣ್ಣನೆಯ ಕಾಂಕ್ರೀಟಿಗೆ ಕಿವಿಯಿಟ್ಟು ಬಹಳ ಹೊತ್ತು ಮಲಗಿದ್ದೆ. ಊಟ ಆರುತ್ತಿದೆ ಎಂದು ವಿದ್ಯಾ ಮೇಲಿನಿಂದ ಕರೆಯುತ್ತಲೇ ಇದ್ದಳು.