ಗಡಿಯಾರ ನಿಲ್ಲಿಸಿದ ಮೈಕಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೇಶದೇಶಗಳ ಪ್ರತಿನಿಧಿಗಳು ಕೂರುವ ಸಭಾಂಗಣದಲ್ಲಿ ಹೆಂಗಸೊಬ್ಬರು ಕುರ್ಚಿಯಿಂದ ಕುರ್ಚಿಗೆ ಸರಿಯುತ್ತ, ಒಂದೊಂದೇ ಮೈಕಿಗೆ ತಮ್ಮ ಗಂಡನ ಮೇಲೆ ದೂರು ಹೇಳುತ್ತಿದ್ದಾರೆ. "ರಾತ್ರಿಯೆಲ್ಲ ಗೊರಕೆ... ಹಾಲು ತರೋದು ಮರೆತ್ರು..." ಧ್ವನಿ ಸರಿಯಾಗಿ ಕೇಳಿಸಿದರೆ ಮುಂದಿನ ದೇಶಕ್ಕೆ ಮುಂದಿನ ದೂರು.

"ಹಲೋ ಹಲೋ ಅಂದ್ರೆ ಮೈಕಿನ ಗುಣ ಗೊತ್ತಾಗಲ್ಲ. ಜನ ಮಾತಾಡೋ ಹಾಗೇ ಮಾತಾಡ್ಬೇಕು," ಎನ್ನುತ್ತಾರೆ ಎಲ್ಲರ ಬಾಯಲ್ಲೂ 'ಮೈಕಕ್ಕ' ಆಗಿರುವ ಈ ಗುತ್ತಿಗೆ ನೌಕರೆ. ರೇಡಿಯೊ ರಿಪೇರಿ ಮಾಡುತ್ತಿದ್ದ ತಂದೆಯಿಂದ ಕಲಿತ ಕೆಲಸ. ಗಂಡನಿಗೆ ಬೆನ್ನುನೋವು ಶುರುವಾದ ಮೇಲೆ ಮನೆ ನಡೆಯುವುದು ಇದರಿಂದಲೇ.

ಪತ್ರಿಕೆಗಳ, ನ್ಯಾಯಾಲಯಗಳ ಸ್ವಾತಂತ್ರ್ಯ ಕಾಪಾಡುತ್ತೇವೆಂದು ಸಹಿ ಹಾಕಿದ ದೇಶಗಳ ಒಕ್ಕೂಟ ಇದು. ಅಂಥದೊಂದು ದೇಶದಲ್ಲಿ ಈಗ ಇವೆರಡನ್ನೂ ಸಹಿಸದ ಪಕ್ಷ ಅಧಿಕಾರದಲ್ಲಿದೆ. ಅದು ಒಕ್ಕೂಟ ಬಿಟ್ಟು ಹೋಗಿಲ್ಲ. ಒಳಗೇ ಕೂತು ಕೆಲಸ ಕೆಡಿಸುವ ದಾರಿ ಕಂಡುಕೊಂಡಿದೆ. ಸರ್ಕಾರದ ವಿರುದ್ಧ ಯಾರಾದರೂ ಸಾಕ್ಷಿ ಹೇಳಲು ಕೂತರೆ ಸಾಕು, ಅದರ ಪ್ರತಿನಿಧಿಗಳು ಒಬ್ಬರ ಹಿಂದೊಬ್ಬರು ಆಕ್ಷೇಪ ಎತ್ತುತ್ತಾರೆ. ಸಾಕ್ಷಿಗೆ ಸಿಗುವುದು ಐದು ನಿಮಿಷ. ಗಡಿಯಾರ ಓಡುತ್ತಲೇ ಇರುತ್ತದೆ. ಕಳೆದ ಸಲ, ಮುಚ್ಚಿಸಲಾದ ಪತ್ರಿಕೆಯೊಂದರ ಸಂಪಾದಕಿ ತಮ್ಮ ಹೆಸರು ಹೇಳುವಷ್ಟರಲ್ಲಿ ಸಮಯ ಮುಗಿದಿತ್ತು.

"ಆಕೆ ಮುಖ ನೋಡಿ ಊಟ ಸೇರ್ಲಿಲ್ಲ. ಗಡಿಯಾರ ನಿಲ್ಲಿಸೋ ಗುಂಡಿ ನನ್ನ ಮುಂದೇನೇ ಇದೆ! ಒತ್ತು ಅಂತ ಯಾರೂ ಅಂದಿರ್ಲಿಲ್ಲ, ಅಷ್ಟೇ." ಈ ಸಲ ಸಭೆಗೆ ಮುಂಚೆ ಅವರು ಅಧ್ಯಕ್ಷೆಯ ಕೊಠಡಿಗೇ ಹೋಗುತ್ತಾರೆ. "ಅಡ್ಡ ಬಾಯಿ ಹಾಕಿದಾಗ ನಿಲ್ಲಿಸ್ಲಾ, ಮೇಡಂ?" "ನಿಲ್ಲಿಸಿ," ಎನ್ನುತ್ತಾರೆ ಅಧ್ಯಕ್ಷೆ.

ಆ ದೇಶದ ವಜಾಗೊಂಡ ನ್ಯಾಯಾಧೀಶರು ಬಾಯಿ ತೆರೆಯುತ್ತಿದ್ದಂತೆ ಮೊದಲ ಆಕ್ಷೇಪ. ಗೋಡೆಯ ಮೇಲಿನ ಅಂಕಿಗಳು ನಿಲ್ಲುತ್ತವೆ. ಮತ್ತೊಂದು ಆಕ್ಷೇಪ, ಮತ್ತೆ ನಿಲ್ಲುತ್ತವೆ. ಪ್ರತಿನಿಧಿಯೊಬ್ಬ ಮೈಕಕ್ಕನ ಗಾಜಿನ ಕೋಣೆಗೆ ನುಗ್ಗುತ್ತಾನೆ.

"ಯಾರ ಕಡೆಯವಳಮ್ಮ ನೀನು? ನಿನ್ನ ಗುತ್ತಿಗೆ ಹೇಗೆ ಉಳಿಯುತ್ತೆ ನೋಡ್ತೀನಿ!"

"ಗಡಿಯಾರದ ಕಡೆ, ಸಾರ್. ನಿಮ್ಮ ಮಾತಿಗೆ ಯಾರಾದ್ರೂ ಅಡ್ಡ ಬಂದ್ರೆ ನಿಮಗೂ ನಿಲ್ಲಿಸ್ತೀನಿ. ಹೋಗ್ತಾ ಬಾಗಿಲು ಹಾಕ್ಕೊಳ್ಳಿ, ಸದ್ದು ಬರುತ್ತೆ."

ಕೊನೆಗೆ ಸುಸ್ತಾಗುವುದು ಆಕ್ಷೇಪದವರಿಗೇ. ನ್ಯಾಯಾಧೀಶರು ತಮ್ಮ ಐದು ನಿಮಿಷವನ್ನೂ ಪೂರ್ತಿ ಮಾತಾಡುತ್ತಾರೆ. ಸಂಜೆ, ಆ ದೇಶಕ್ಕೆ ತನಿಖಾ ತಂಡ ಕಳಿಸುವ ನಿರ್ಣಯ ಭಾರೀ ಬಹುಮತದಿಂದ ಗೆಲ್ಲುತ್ತದೆ. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ಮೈಕಕ್ಕ ಮೈಕುಗಳ ಧ್ವನಿ ತಗ್ಗಿಸುತ್ತಾರೆ, ಕಿವಿ ಕಿತ್ತುಹೋಗದಿರಲೆಂದು. ಅವರ ಮೇಲೆ ಬಂದ ದೂರಿಗೆ ಅಧ್ಯಕ್ಷೆ ಉತ್ತರಿಸಿದ್ದಾರೆ: ಗಡಿಯಾರ ನಿಲ್ಲಿಸುವುದು ಇನ್ನು ಕಾಯಂ ನಿಯಮ. ಗುತ್ತಿಗೆಯೂ ಉಳಿದಿದೆ.

"ನಮ್ಮೆಜಮಾನ್ರು ಕೇಳಿ, 'ನಾನು ಮಾತಾಡುವಾಗ್ಲೂ ಒಂಚೂರು ನಿಲ್ಲಿಸು ತಾಯಿ' ಅಂದ್ರು," ಎಂದು ನಗುತ್ತಾರೆ.

ಮರುದಿನ ಬೆಳಿಗ್ಗೆ ಮತ್ತೆ ಮೈಕುಗಳ ಪರೀಕ್ಷೆ. ಈಗ ಉಳಿದಿರುವುದು ಸಾಕ್ಷಿಯ ಕುರ್ಚಿಯೊಂದೇ. ಅಲ್ಲಿ ಅವರು ಗಂಡನ ಸುದ್ದಿ ಎತ್ತುವುದಿಲ್ಲ. "ಇಲ್ಲಿ ಕೂರೋರು ಬಲು ದೂರದಿಂದ ಬಂದಿರ್ತಾರೆ," ಎಂದು ಮೈಕನ್ನು ಕರವಸ್ತ್ರದಿಂದ ಒರೆಸಿ, ಬಾಗಿ, ಖಾಲಿ ಸಭಾಂಗಣಕ್ಕೆ ಹೇಳುತ್ತಾರೆ: "ನಿಧಾನವಾಗಿ ಹೇಳಿ. ಕೇಳಿಸ್ತಿದೆ."